ವಿಶ್ವದ ಚರಿತ್ರೆಯೂ ವಿದ್ಯಾರ್ಥಿಯ ಪ್ರಶ್ನೆಯೂ

“ವಿಶ್ವವು ಹೇಗೆ ಹುಟ್ಟಿತು?” ಎಂದು ಪರೀಕ್ಷೆಯಲ್ಲಿ ಕೇಳಿದರೆ, “ಸುಮಾರು ೧೩೮೦ ಕೋಟಿ ವರ್ಷಗಳ ಹಿಂದೆ ಮಹಾಸ್ಫೋಟದಿಂದ ಹುಟ್ಟಿತು” ಎಂದು ನಮ್ಮ ವಿದ್ಯಾರ್ಥಿಗಳು ಒಂದೇ ಉಸಿರಿನಲ್ಲಿ ಬರೆದು ಅಂಕಗಳನ್ನು ಪಡೆಯುತ್ತಾರೆ. ಉತ್ತರವೇನೋ ಸರಿಯೆ. ಆದರೆ ಅದರ ಬೆನ್ನಿಗೇ, “ಇದು ತಿಳಿದದ್ದು ಹೇಗೆ?” ಎಂದು ಕೇಳಿದೆವಾದರೆ, “ಪುಸ್ತಕದಲ್ಲಿ ಇದೆ” ಎಂಬುದಕ್ಕಿಂತ ಹೆಚ್ಚಿನ ಮಾತು ಹೊರಡುವುದು ಅಪರೂಪ. ಪುಸ್ತಕದಲ್ಲಿದೆ ಎಂಬ ಒಂದೇ ಕಾರಣದಿಂದ ಒಂದು ಮಾತನ್ನು ನಂಬಿದವನು, ನಾಳೆ ಇನ್ನೊಂದು ಪುಸ್ತಕದಲ್ಲಿ ಬೇರೊಂದು ಮಾತನ್ನು ಕಂಡರೆ ಅದನ್ನೂ ಅಷ್ಟೇ ಸುಲಭವಾಗಿ ನಂಬಿಯಾನು. ಆದಕಾರಣ ಈ ವಿಷಯದಲ್ಲಿ ವಿದ್ಯಾರ್ಥಿಯು ಉತ್ತರಕ್ಕಿಂತ ಮೊದಲು ಉತ್ತರದ ಆಧಾರವನ್ನು ಕಲಿಯಬೇಕು ಎಂಬುದು ನಮ್ಮ ಅಭಿಪ್ರಾಯ. ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸೋಣ.

ಇಂಥ ವಿಷಯಗಳೆಲ್ಲ ದೂರದೇಶದ ಪಂಡಿತರಿಗೆ ಸೇರಿದವು, ಕನ್ನಡ ಶಾಲೆಯ ಮಕ್ಕಳಿಗೆ ನಿಲುಕತಕ್ಕವಲ್ಲ ಎಂದು ಹೇಳುವ ಹಿರಿಯರುಂಟು. ಹೊಟ್ಟೆಪಾಡಿಗಾಗಿ ಕನ್ನಡನಾಡನ್ನು ಬಿಟ್ಟು ಈ ತೆಲುಗು ಕಡಲತೀರಕ್ಕೆ ಬಂದ ಕುಟುಂಬಗಳಲ್ಲಿ ಈ ಮಾತು ಇನ್ನೂ ಬಲವಾಗಿ ಕೇಳಿಬರುತ್ತದೆ. ನಾವೂ ಮೆಟ್ರಿಕ್ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವರು. ಆ ಮಾತನ್ನು ಕೇಳುತ್ತಲೇ ಬೆಳೆದವರು. ಅದು ನಿಜವಲ್ಲವೆಂದು ತೋರಿಸುವುದಕ್ಕೆ ವಾದಕ್ಕಿಂತ ಸಂಗತಿಗಳೇ ಮೇಲು. ವಿಶ್ವದ ಚರಿತ್ರೆಯ ಒಂದು ಮುಖ್ಯ ಸಾಕ್ಷ್ಯವು ಮನುಷ್ಯನ ಕಣ್ಣಿಗೆ ಮೊದಲು ಬಿದ್ದದ್ದು ಕೃಷ್ಣಾನದಿಯ ಸೀಮೆಯಲ್ಲಿ. ಇನ್ನೆರಡು ಸಾಕ್ಷ್ಯಗಳು ಭೀಮುನಿಪಟ್ಟಣದ ಕಡಲದಂಡೆಯಲ್ಲಿ ನಮ್ಮ ಕಾಲಿಗೆ ತಗಲುವಂತೆ ಬಿದ್ದಿವೆ.

ಮೊದಲು ಕೃಷ್ಣಾತೀರದ ಕಥೆಯನ್ನು ಕೇಳಿರಿ. ೧೮೬೮ನೆಯ ಇಸವಿ ಆಗಸ್ಟ್ ೧೮ರಂದು ಪೂರ್ಣ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ಪಶ್ಚಿಮ ಕರಾವಳಿಯಿಂದ ಬಂದು, ಜಮಖಂಡಿ ಮತ್ತು ವಿಜಾಪುರದ ಸೀಮೆಯನ್ನು ದಾಟಿ, ಗುಂಟೂರು ಮತ್ತು ಮಚಲೀಪಟ್ಟಣದ ಮೇಲೆ ಹಾಯ್ದು ಸಮುದ್ರವನ್ನು ಸೇರಿತು. ಕೃಷ್ಣೆಯು ಜಮಖಂಡಿಯ ಸೀಮೆಯಿಂದ ವಿಜಯವಾಡಕ್ಕೆ ಬರಲು ಎಷ್ಟೋ ದಿವಸಗಳನ್ನು ತೆಗೆದುಕೊಳ್ಳುತ್ತಾಳೆ. ಅಂದಿನ ನೆರಳು ಹೆಚ್ಚುಕಡಿಮೆ ಅದೇ ದಿಕ್ಕಿನ ಪಯಣವನ್ನು ಅರ್ಧ ಗಂಟೆಗೂ ಕಡಮೆ ಅವಧಿಯಲ್ಲಿ ಮುಗಿಸಿತು. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಜಮಖಂಡಿಯಲ್ಲಿ, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಜಾನ್ ಹರ್ಷೆಲ್ ತನ್ನ ಉಪಕರಣದೊಡನೆ ಕಾದಿದ್ದನು. ಮೋಡಗಳ ಕಾಟದ ನಡುವೆಯೂ ಆತನು ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಗಳ ಬೆಳಕನ್ನು ಪರೀಕ್ಷಿಸಿದನು. ವಿಜಯವಾಡದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಗುಂಟೂರಿನಲ್ಲಿ ಫ್ರಾನ್ಸ್ ದೇಶದ ಜಾನ್ಸೆನ್ ಎಂಬ ವಿಜ್ಞಾನಿಯು ಅದೇ ಕೆಲಸದಲ್ಲಿ ತೊಡಗಿದ್ದನು.

ಅವರು ಹುಡುಕುತ್ತಿದ್ದುದು ಏನನ್ನು? ಸೂರ್ಯನು ಯಾವ ವಸ್ತುವಿನಿಂದ ಆಗಿದ್ದಾನೆ ಎಂಬುದನ್ನು. ಕೈಗೆಟುಕದ ಸೂರ್ಯನ ದ್ರವ್ಯವನ್ನು ಇಲ್ಲಿ ಕುಳಿತು ಪರೀಕ್ಷಿಸುವುದು ಸಾಧ್ಯವೆ ಎಂದು ನೀವು ಕೇಳಬಹುದು. ಅಡಿಗೆಮನೆಯಲ್ಲಿ ಉಪ್ಪುನೀರು ಉಕ್ಕಿ ಒಲೆಯ ಉರಿಯ ಮೇಲೆ ಬಿದ್ದಾಗ ಉರಿಯು ಹಳದಿಯಾಗುವುದನ್ನು ಕಂಡಿರುವಿರಷ್ಟೆ. ಆ ಹಳದಿಯು ಉಪ್ಪಿನಲ್ಲಿರುವ ಸೋಡಿಯಮ್ಮಿನ ಗುರುತು. ಕಾದ ಅನಿಲರೂಪದ ಪ್ರತಿಯೊಂದು ಮೂಲವಸ್ತುವೂ ತನಗೇ ವಿಶಿಷ್ಟವಾದ ಬಣ್ಣಗಳನ್ನು ಹೊರಸೂಸುತ್ತದೆ. ಆ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ ಬಿಡಿಸಿದರೆ ಉಜ್ವಲವಾದ ಗೆರೆಗಳು ಕಾಣುತ್ತವೆ. ಹೆಬ್ಬೆಟ್ಟಿನ ಗುರುತಿನಿಂದ ಮನುಷ್ಯನನ್ನು ಹಿಡಿಯುವಂತೆ, ಈ ಗೆರೆಗಳಿಂದ ವಸ್ತುವನ್ನು ಗುರುತಿಸಬಹುದು. ಹೀಗೆ ಬೆಳಕನ್ನು ಬಿಡಿಸಿ ನೋಡುವ ಉಪಕರಣಕ್ಕೆ ರೋಹಿತದರ್ಶಕವೆಂದು ಹೆಸರು.

ಆ ದಿನ ಕಂಡ ಗೆರೆಗಳ ಪೈಕಿ ಒಂದು ಹಳದಿಯ ಗೆರೆ ಇತ್ತು. ಮೊದಲು ಅದನ್ನು ಸೋಡಿಯಮ್ಮಿನದೆಂದು ಭಾವಿಸಿದವರುಂಟು. ಜಾನ್ಸೆನನು ಗ್ರಹಣದ ಮರುದಿನವೇ, ಗ್ರಹಣವಿಲ್ಲದೆಯೂ ಸೂರ್ಯನ ಜ್ವಾಲೆಗಳ ಗೆರೆಗಳನ್ನು ನೋಡಬಹುದೆಂದು ಗುಂಟೂರಿನಲ್ಲಿ ತೋರಿಸಿದನು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕ್ಯರನು ಸ್ವತಂತ್ರವಾಗಿ ಅದನ್ನೇ ಸಾಧಿಸಿದನು. ಹಳದಿಯ ಗೆರೆಯನ್ನು ಸೂಕ್ಷ್ಮವಾಗಿ ಅಳೆದು ನೋಡಲಾಗಿ, ಅದು ಸೋಡಿಯಮ್ಮಿನ ಗೆರೆಗಳ ಬಳಿಯಿದ್ದರೂ ಅವುಗಳೊಡನೆ ಕೂಡಲಿಲ್ಲ. ಆಗ ಭೂಮಿಯಲ್ಲಿ ಗೊತ್ತಿದ್ದ ಯಾವ ವಸ್ತುವಿನ ಗೆರೆಯೂ ಅಲ್ಲಿಗೆ ಹೊಂದಲಿಲ್ಲ. ಸೂರ್ಯನಲ್ಲಿ ಮಾತ್ರ ಕಂಡ ಆ ವಸ್ತುವಿಗೆ, ಸೂರ್ಯನ ಗ್ರೀಕ್ ಹೆಸರನ್ನು ಹಿಡಿದು ಹೀಲಿಯಮ್ ಎಂದು ಹೆಸರಿಟ್ಟರು. ಎಷ್ಟೋ ವಿದ್ವಾಂಸರು ಇದನ್ನು ನಂಬಲಿಲ್ಲ. ೧೮೯೫ರಲ್ಲಿ ರ‍್ಯಾಮ್ಸೆ ಎಂಬ ರಸಾಯನ ವಿಜ್ಞಾನಿಯು ಯುರೇನಿಯಮ್ ಬೆರೆತ ಒಂದು ಖನಿಜದಿಂದ ಹೊರಟ ಅನಿಲದಲ್ಲಿ ಅದೇ ಗೆರೆಯನ್ನು ಕಂಡನು. ಅಲ್ಲಿಗೆ ಸಂಶಯವು ನಿವಾರಣೆಯಾಯಿತು.

ಇದಕ್ಕೂ ವಿಶ್ವದ ಉತ್ಪತ್ತಿಗೂ ಏನು ಸಂಬಂಧ? ಸಂಬಂಧವು ತಿಳಿಯಲು ಇನ್ನೂ ಕೆಲವು ದಶಕಗಳು ಬೇಕಾದವು. ೧೯೨೦ರಲ್ಲಿ ನಮ್ಮ ದೇಶದ ಮೇಘನಾದ ಸಹಾ ಅವರು, ನಕ್ಷತ್ರದ ಉಷ್ಣತೆಗೂ ಅದರ ಬೆಳಕಿನ ಗೆರೆಗಳಿಗೂ ಇರುವ ಸಂಬಂಧವನ್ನು ಒಂದು ಸಮೀಕರಣದಲ್ಲಿ ಕಟ್ಟಿಕೊಟ್ಟರು. ಅದನ್ನು ಬಳಸಿ ೧೯೨೫ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣ ಸಂಶೋಧಕಿಯು, ನಕ್ಷತ್ರಗಳು ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಮ್ಮುಗಳಿಂದಲೇ ಆಗಿವೆಯೆಂದು ಲೆಕ್ಕಹಾಕಿದಳು. ಇಂದು ನಮಗೆ ತಿಳಿದಿರುವಂತೆ, ಸಾಮಾನ್ಯ ದ್ರವ್ಯದಲ್ಲಿ ತೂಕದ ಸುಮಾರು ಮುಕ್ಕಾಲು ಪಾಲು ಜಲಜನಕ, ಕಾಲುಪಾಲು ಹೀಲಿಯಮ್. ಉಳಿದೆಲ್ಲ ವಸ್ತುಗಳೂ ಸೇರಿ ನೂರಕ್ಕೆ ಒಂದೆರಡು. ನಕ್ಷತ್ರಗಳು ಜಲಜನಕವನ್ನು ಹೀಲಿಯಮ್ಮಾಗಿ ಮಾರ್ಪಡಿಸುತ್ತಲೇ ಬೆಳಗುತ್ತವೆಯೆಂಬುದು ದಿಟ. ಆದರೆ ಅವು ಹುಟ್ಟಿದಂದಿನಿಂದ ಎಷ್ಟು ದುಡಿದಿದ್ದರೂ ಇಷ್ಟು ಹೀಲಿಯಮ್ಮನ್ನು ಮಾಡಿರಲಾರವು. ಹಾಗಾದರೆ ಇದು ಬಂದುದೆಲ್ಲಿಂದ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡನೆಯ ಸಾಕ್ಷ್ಯಕ್ಕೆ ಬರೋಣ.

ನಮ್ಮ ಆಕಾಶಗಂಗೆಯಂಥ ನಕ್ಷತ್ರಸಮೂಹಗಳು, ಎಂದರೆ ಗೆಲಾಕ್ಸಿಗಳು, ಲೆಕ್ಕವಿಲ್ಲದಷ್ಟಿವೆ. ಅವುಗಳ ಬೆಳಕನ್ನು ಬಿಡಿಸಿ ನೋಡಿದಾಗ, ಬಹುತೇಕ ಗೆಲಾಕ್ಸಿಗಳ ಗೆರೆಗಳು ಇರಬೇಕಾದ ಸ್ಥಳದಿಂದ ಕೆಂಪಿನ ಕಡೆಗೆ ಸರಿದಿರುವುದು ಕಂಡುಬಂದಿತು. ಅವು ನಮ್ಮಿಂದ ದೂರ ಹೋಗುತ್ತಿವೆಯೆಂಬುದಕ್ಕೆ ಇದು ಗುರುತು. ೧೯೨೭ರಲ್ಲಿ ಬೆಲ್ಜಿಯಮ್ಮಿನ ಲಮೇತ್ರ್ ಎಂಬ ಪಾದ್ರಿ ವಿಜ್ಞಾನಿಯು, ವಿಶ್ವವೇ ಹಿಗ್ಗುತ್ತಿರುವುದರಿಂದ ಹೀಗಾಗುತ್ತದೆಯೆಂದು ಗಣಿತದಿಂದ ತೋರಿಸಿದನು. ೧೯೨೯ರಲ್ಲಿ ಅಮೆರಿಕದ ಹಬಲ್, ದೂರವು ಹೆಚ್ಚಿದಷ್ಟೂ ವೇಗವು ಹೆಚ್ಚೆಂಬುದನ್ನು ಅಳತೆಗಳಿಂದ ಸ್ಥಾಪಿಸಿದನು. ಇಡ್ಲಿಯ ಹಿಟ್ಟಿನಲ್ಲಿ ಮೆಣಸಿನ ಕಾಳುಗಳನ್ನು ಬೆರೆಸಿಟ್ಟರೆ, ಹಿಟ್ಟು ಹುದುಗಿ ಉಬ್ಬುವಾಗ ಕಾಳುಗಳು ಒಂದರಿಂದೊಂದು ದೂರವಾಗುತ್ತವೆ. ಯಾವ ಕಾಳಿನ ಮೇಲೆ ಕುಳಿತು ನೋಡಿದರೂ ಉಳಿದವು ದೂರಹೋದಂತೆಯೇ ಕಾಣುತ್ತದೆ. ಕಾಳುಗಳು ಓಡುತ್ತಿಲ್ಲ, ನಡುವಿನ ಹಿಟ್ಟು ಹಿಗ್ಗುತ್ತಿದೆ. ವಿಶ್ವದ ಸ್ಥಿತಿಯೂ ಹೀಗೆಯೇ. ಆದುದರಿಂದ “ಮಹಾಸ್ಫೋಟ” ಎಂಬ ಮಾತನ್ನು ಕೇಳಿ, ಬರಿದಾದ ಬಯಲಿನಲ್ಲಿ ಬಾಂಬು ಸಿಡಿದಂತೆ ಕಲ್ಪಿಸಿಕೊಳ್ಳಬಾರದು. ಹಿಗ್ಗಿದ್ದು ಬಯಲೇ; ಹಿಗ್ಗುವುದು ಎಲ್ಲೆಲ್ಲಿಯೂ ನಡೆಯಿತು.

ಇಂದು ಹಿಗ್ಗುತ್ತಿರುವುದು ನಿನ್ನೆ ಕಿರಿದಾಗಿರಬೇಕು. ಹಿಂದೆ ಹಿಂದೆ ಹೋದಷ್ಟೂ ದ್ರವ್ಯವು ಒತ್ತಾಗಿಯೂ ಬಿಸಿಯಾಗಿಯೂ ಇದ್ದಿರಬೇಕು. ೧೯೪೮ರಲ್ಲಿ ಗ್ಯಾಮೋವ್ ಮತ್ತು ಅವನ ಶಿಷ್ಯ ಆಲ್ಫರ್ ಈ ಬಿಸಿಯ ಕಾಲದಲ್ಲಿ ಮೂಲವಸ್ತುಗಳು ಹೇಗೆ ಹುಟ್ಟಿರಬಹುದೆಂದು ಯೋಚಿಸಿದರು. ಅವರು ಹಾಕಿಕೊಟ್ಟ ದಾರಿಯಲ್ಲಿ ಮುಂದಿನವರು ಮಾಡಿದ ಲೆಕ್ಕವನ್ನು ನಮ್ಮ ಶಾಲೆಯ ಮಕ್ಕಳೂ ಮಾಡಬಹುದು. ಮೊದಲ ಕೆಲವು ನಿಮಿಷಗಳಲ್ಲಿ, ಕಣಗಳು ಕೂಡಿ ನಿಲ್ಲುವಷ್ಟು ವಿಶ್ವವು ತಣ್ಣಗಾಗುವ ಹೊತ್ತಿಗೆ, ಪ್ರತಿ ೭ ಪ್ರೋಟಾನುಗಳಿಗೆ ೧ ನ್ಯೂಟ್ರಾನ್ ಉಳಿದಿತ್ತು. ಎಂದರೆ ೧೬ ಕಣಗಳಲ್ಲಿ ೧೪ ಪ್ರೋಟಾನು, ೨ ನ್ಯೂಟ್ರಾನು. ಹೀಲಿಯಮ್ಮಿನ ಒಂದು ಬೀಜಕ್ಕೆ ಬೇಕಾದುದು ೨ ಪ್ರೋಟಾನು ಮತ್ತು ೨ ನ್ಯೂಟ್ರಾನು. ಇದ್ದ ಎರಡು ನ್ಯೂಟ್ರಾನುಗಳೂ ಅದಕ್ಕೆ ಸಂದವು. ಹದಿನಾರರಲ್ಲಿ ನಾಲ್ಕು ಕಣಗಳು ಹೀಲಿಯಮ್ ಆದವು; ಉಳಿದ ೧೨ ಪ್ರೋಟಾನುಗಳು ಜಲಜನಕವಾಗಿಯೇ ಉಳಿದವು. ಹದಿನಾರರಲ್ಲಿ ನಾಲ್ಕೆಂದರೆ ಕಾಲುಪಾಲು! ಲೆಕ್ಕವು ಹೇಳುವುದೂ ಕಾಲುಪಾಲು. ಅಳೆದಾಗ ಸಿಕ್ಕುವುದೂ ಸುಮಾರು ಕಾಲುಪಾಲು. ಜಮಖಂಡಿಯಲ್ಲಿಯೂ ಗುಂಟೂರಿನಲ್ಲಿಯೂ ಅರಸಿದ ಆ ಬೆಳಕಿನ ಗೆರೆಗಳು ಕೊನೆಗೆ ಮುಟ್ಟಿಸಿದ್ದು ವಿಶ್ವದ ಮೊದಲ ನಿಮಿಷಗಳನ್ನು.

ಎಲ್ಲರೂ ಇದನ್ನು ಕೂಡಲೆ ಒಪ್ಪಿದರೆಂದು ಎಣಿಸಬೇಡಿರಿ. ಅದೇ ೧೯೪೮ರಲ್ಲಿ ಇಂಗ್ಲೆಂಡಿನ ಹಾಯ್ಲ್, ಬಾಂಡಿ, ಗೋಲ್ಡ್ ಎಂಬ ಮೂವರು, ವಿಶ್ವಕ್ಕೆ ಆದಿಯಿಲ್ಲವೆಂದೂ ಅದು ಹಿಗ್ಗಿದಂತೆಲ್ಲ ಹೊಸ ದ್ರವ್ಯವು ಹುಟ್ಟುತ್ತಿದ್ದು ಸದಾ ಒಂದೇ ತೆರನಾಗಿರುತ್ತದೆಂದೂ ಪ್ರತಿಪಾದಿಸಿದರು. ಮಹಾಸ್ಫೋಟವೆಂಬ ಅರ್ಥದ ಇಂಗ್ಲಿಷ್ ಹೆಸರನ್ನು ೧೯೪೯ರ ಒಂದು ರೇಡಿಯೋ ಭಾಷಣದಲ್ಲಿ ಮೊದಲು ಬಳಸಿದವನು ಆ ಸಿದ್ಧಾಂತವನ್ನು ಒಪ್ಪದಿದ್ದ ಹಾಯ್ಲನೇ! ಇಬ್ಬರ ಜಗಳವನ್ನು ತೀರಿಸಿದ್ದು ಮೂರನೆಯ ಸಾಕ್ಷ್ಯ. ವಿಶ್ವವು ಒಮ್ಮೆ ಬಿಸಿಯಾಗಿದ್ದರೆ ಆ ಬಿಸಿಯ ಶೇಷವು ಇಂದಿಗೂ ಎಲ್ಲೆಡೆ ಉಳಿದಿರಬೇಕೆಂದು ಆಲ್ಫರ್ ಮತ್ತು ಹರ್ಮನ್ ಮೊದಲೇ ಲೆಕ್ಕಹಾಕಿದ್ದರು. ೧೯೬೪ರಲ್ಲಿ ಅಮೆರಿಕದ ಪೆಂಝಿಯಾಸ್ ಮತ್ತು ವಿಲ್ಸನ್ ತಮ್ಮ ರೇಡಿಯೋ ಉಪಕರಣವನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಒಂದು ಸಣ್ಣ ಗುಂಯ್‌ಗುಟ್ಟುವಿಕೆಯನ್ನು ಕಂಡರು. ಅದರೊಳಗೆ ಗೂಡುಕಟ್ಟಿದ್ದ ಪಾರಿವಾಳಗಳ ಹಿಕ್ಕೆಯನ್ನು ತೊಳೆದು ನೋಡಿದರೂ ಆ ಸದ್ದು ಹೋಗಲಿಲ್ಲ. ಅದೇ ಆ ಹಳೆಯ ಬಿಸಿಯ ಶೇಷವೆಂದು ೧೯೬೫ರಲ್ಲಿ ಪ್ರಕಟವಾಯಿತು. ೧೯೭೮ರಲ್ಲಿ ಅವರಿಗೆ ನೊಬೆಲ್ ಬಹುಮಾನವು ಬಂದಿತು. ಇಂದು ಅದರ ಉಷ್ಣತೆಯು ಸೊನ್ನೆ ಡಿಗ್ರಿಗಿಂತ ಸುಮಾರು ೨೭೦ ಡಿಗ್ರಿ ಸೆಲ್ಸಿಯಸ್ ಕೆಳಗೆ. ನೀವು ಈ ಪತ್ರಿಕೆಯನ್ನು ಓದುತ್ತಿರುವ ಕೋಣೆಯಲ್ಲಿಯೂ ಒಂದೊಂದು ಘನ ಸೆಂಟಿಮೀಟರಿನಲ್ಲಿ ಆ ಆದಿಕಾಲದ ಬೆಳಕಿನ ಸುಮಾರು ೪೦೦ ಕಣಗಳು ಸದಾ ಇದ್ದೇ ಇರುತ್ತವೆ.

ಸೋತ ಪಕ್ಷವೆಂದು ಹಾಯ್ಲನನ್ನು ಹೀಯಾಳಿಸುವುದು ಅನ್ಯಾಯ. ಇಂಗಾಲ, ಆಮ್ಲಜನಕ, ಕಬ್ಬಿಣ ಮೊದಲಾದ ಭಾರವಾದ ವಸ್ತುಗಳು ಆದಿಯ ಬಿಸಿಯಲ್ಲಿ ಹುಟ್ಟಲಿಲ್ಲ, ನಕ್ಷತ್ರಗಳ ಒಡಲಲ್ಲಿಯೂ ಅವು ಸಿಡಿದು ಸಾಯುವ ಸಮಯದಲ್ಲಿಯೂ ಹುಟ್ಟಿದವು ಎಂಬುದನ್ನು ೧೯೫೭ರಲ್ಲಿ ಸಂಗಡಿಗರೊಡನೆ ವಿವರಿಸಿದವನು ಅವನೇ. ಅವನ ಶಿಷ್ಯರೂ, ಕೊಲ್ಹಾಪುರದಲ್ಲಿ ಹುಟ್ಟಿದವರೂ ಆದ ಜಯಂತ ನಾರಳೀಕರ ಅವರು ೨೦೨೫ರಲ್ಲಿ ತೀರಿಕೊಂಡರು. ಬಹುಮತವು ಮಹಾಸ್ಫೋಟದ ಕಡೆಗಿದ್ದರೂ, ಅವರು ತಮ್ಮ ಸಂಶಯಗಳನ್ನು ಗಣಿತದ ಭಾಷೆಯಲ್ಲಿ ಬಹುಕಾಲ ಮುಂದಿಡುತ್ತಲೇ ಬಂದರು. ಇಂಥ ಸಂಶಯಗಳಿಂದ ಸಿದ್ಧಾಂತಕ್ಕೆ ಹಾನಿಯಿಲ್ಲ. ಒರೆಗೆ ಹಚ್ಚಿದ ಚಿನ್ನಕ್ಕೇ ಬೆಲೆ.

ಇನ್ನು ಭೀಮುನಿಪಟ್ಟಣದ ಕಡಲದಂಡೆಗೆ ಬರೋಣ. ಈ ನೀರಿನ ಪ್ರತಿಯೊಂದು ಅಣುವಿನಲ್ಲಿಯೂ ಜಲಜನಕದ ಎರಡು ಪರಮಾಣುಗಳೂ ಆಮ್ಲಜನಕದ ಒಂದು ಪರಮಾಣುವೂ ಇವೆ. ಜಲಜನಕದ ಬೀಜವು ವಿಶ್ವದ ಮೊದಲ ನಿಮಿಷಗಳಷ್ಟು ಹಳೆಯದು. ಆಮ್ಲಜನಕವು ಎಂದೋ ಆರಿಹೋದ ನಕ್ಷತ್ರಗಳ ಒಡಲಿನದು. ಊರಿಗೂ ವಿಶಾಖಪಟ್ಟಣಕ್ಕೂ ನಡುವೆ ಇರುವ ಕೆಂಪು ಮರಳಿನ ದಿಬ್ಬಗಳನ್ನು ನೋಡಿರಿ. ತೆಲುಗರು ಇವನ್ನು ಎರ್ರಮಟ್ಟಿ ದಿಬ್ಬಲು ಎಂದು ಕರೆಯುತ್ತಾರೆ. ಪೂರ್ವಘಟ್ಟದ ಖೊಂಡಲೈಟ್ ಮುಂತಾದ ಕಲ್ಲುಗಳು ಸವೆದು ಬಂದ ಮರಳನ್ನು, ಸಮುದ್ರವು ಹಿಂದೆ ಸರಿದಿದ್ದ ಕಾಲದಲ್ಲಿ ಗಾಳಿಯು ಎತ್ತಿ ಒಟ್ಟಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಸಾವಿರಾರು ವರ್ಷಗಳಲ್ಲಿ ಕಣಗಳ ಮೇಲೆ ಕಬ್ಬಿಣದ ತುಕ್ಕಿನ ಲೇಪವಾಗಿ ದಿಬ್ಬಗಳು ಕೆಂಪಾದವು. ಆ ಕಬ್ಬಿಣವೂ, ನಮ್ಮ ರಕ್ತವನ್ನು ಕೆಂಪಾಗಿಸಿರುವ ಕಬ್ಬಿಣವೂ ನಕ್ಷತ್ರಗಳು ಸತ್ತು ಬಿಟ್ಟುಹೋದ ಆಸ್ತಿ. ಅಲೆಯಲ್ಲಿ ಒಂದು ಕಾಲನ್ನೂ ಕೆಂಪು ಮರಳಿನಲ್ಲಿ ಇನ್ನೊಂದು ಕಾಲನ್ನೂ ಇಟ್ಟು ನಿಂತವನು ವಿಶ್ವಚರಿತ್ರೆಯ ಎರಡು ಅಧ್ಯಾಯಗಳ ಮೇಲೆ ನಿಂತಂತೆಯೇ ಸರಿ.

ಈ ಚರಿತ್ರೆಯ ಉದ್ದವನ್ನು ಅರಿಯಬೇಕೆಂದರೆ ಅದೇ ದಂಡೆಯ ಮೇಲೆ ೧೩೮೦ ಹೆಜ್ಜೆಗಳನ್ನು ನಡೆಯಿರಿ. ಒಂದು ಹೆಜ್ಜೆಗೆ ಒಂದು ಕೋಟಿ ವರ್ಷವೆಂದು ಎಣಿಸಿರಿ. ಹೀಲಿಯಮ್ಮು ಹುಟ್ಟಿದ ನಿಮಿಷಗಳು ಕಾಲೆತ್ತುವ ಮುನ್ನವೇ ಮುಗಿದಿರುತ್ತವೆ. ಮೊದಲ ಹೆಜ್ಜೆಯಲ್ಲಿ ಒಂದೆರಡು ಬೆರಳಗಲ ಸರಿಯುವಷ್ಟರಲ್ಲಿ ೩,೮೦,೦೦೦ ವರ್ಷಗಳು ಕಳೆದು, ಪರಮಾಣುಗಳು ಕೂಡಿಕೊಂಡು, ವಿಶ್ವವು ಪಾರದರ್ಶಕವಾಗಿ, ಇಂದು ನಮಗೆ ಶೇಷವಾಗಿ ಸಿಕ್ಕುವ ಆ ಬೆಳಕು ಬಿಡುಗಡೆಯಾಗುತ್ತದೆ. ಅಲ್ಲಿಂದ ಕೆಲವು ಹೆಜ್ಜೆಗಳವರೆಗೆ ನಕ್ಷತ್ರವಿಲ್ಲದ ಕತ್ತಲೆ. ಹತ್ತಿಪ್ಪತ್ತನೆಯ ಹೆಜ್ಜೆಯ ಸುಮಾರಿಗೆ ಮೊದಲ ನಕ್ಷತ್ರಗಳು ಹೊತ್ತಿಕೊಳ್ಳುತ್ತವೆ. ಮೂವತ್ತನೆಯ ಹೆಜ್ಜೆಯೊಳಗೇ ಇದ್ದ ಗೆಲಾಕ್ಸಿಯೊಂದನ್ನು ೨೦೨೧ರಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕವು ನಮಗೆ ತೋರಿಸಿದೆ. ಸೂರ್ಯನೂ ಭೂಮಿಯೂ ಹುಟ್ಟುವುದು ೯೨೦ನೆಯ ಹೆಜ್ಜೆಯಾದ ಮೇಲೆ. ಬೆಂಗಳೂರಿನ ಲಾಲಬಾಗಿನ ಬಂಡೆಯ ವಯಸ್ಸು ಸುಮಾರು ೩೦೦ ಕೋಟಿ ವರ್ಷ. ಅದು ೧೦೮೦ನೆಯ ಹೆಜ್ಜೆಯ ಆಸುಪಾಸು. ಕೊನೆಯ ಏಳು ಹೆಜ್ಜೆಗಳಿರುವಾಗ ದೈತ್ಯ ಸರೀಸೃಪಗಳು ಅಳಿಯುತ್ತವೆ. ನಮ್ಮಂಥ ಮನುಷ್ಯರು ಬಂದುದು ಕೊನೆಯ ಹೆಜ್ಜೆಯ ಕೊನೆಯ ಬೆರಳಗಲದಲ್ಲಿ. ಮನುಷ್ಯನು ಬರೆಯಲು ಕಲಿತಂದಿನಿಂದ ಈವರೆಗಿನ ಕಾಲವೆಲ್ಲ ಸೇರಿ, ನಿಮ್ಮ ಹೆಬ್ಬೆರಳಿಗೆ ಅಂಟಿದ ಒಂದು ಮರಳಿನ ಕಣದಷ್ಟು!

ಈ ಕಥೆಯಲ್ಲಿ ಇನ್ನೂ ಸರಿಯಾಗಿ ಓದಲಾಗದ ಪುಟವೆಂದರೆ ಆ ಕತ್ತಲೆಯಿಂದ ಮೊದಲ ನಕ್ಷತ್ರಗಳ ಬೆಳಕಿಗೆ ಬಂದ ಸಮಯ. ಅದನ್ನು ಓದುವ ಯತ್ನದಲ್ಲಿ ಕನ್ನಡನಾಡಿನ ಕೆರೆಗೂ ಒಂದು ಪಾತ್ರವುಂಟು. ಆ ಕಾಲದ ಜಲಜನಕವು ಹೊಮ್ಮಿಸಿದ, ಇಲ್ಲವೆ ಹೀರಿದ ರೇಡಿಯೋ ಅಲೆಗಳ ಗುರುತು ಸಿಕ್ಕಿತೆಂದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಉಪಕರಣವನ್ನಿಟ್ಟ ಸಂಶೋಧಕರು ೨೦೧೮ರಲ್ಲಿ ಪ್ರಕಟಿಸಿದರು. ಆ ಗುರುತು ಎಲ್ಲರೂ ಎಣಿಸಿದ್ದಕ್ಕಿಂತ ಬಹಳ ಬಲವಾಗಿತ್ತು. ಅದನ್ನು ವಿವರಿಸಲು ಹೊಸಹೊಸ ಊಹೆಗಳು ಹುಟ್ಟಿಕೊಂಡವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ ಎಂಬ ಉಪಕರಣದಿಂದ ಅದನ್ನು ಮತ್ತೊಮ್ಮೆ ಪರೀಕ್ಷಿಸಿ ನೋಡಲು ಹೊರಟರು. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು ಮತ್ತು ಕಲ್ಲಿನ ಪದರಗಳು ಅಳತೆಯನ್ನು ಕೆಡಿಸುತ್ತವೆ. ನೀರು ಎಲ್ಲೆಡೆಯೂ ಸಮನಾಗಿರುತ್ತದೆ. ಆದ್ದರಿಂದ ೨೦೨೦ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿಯ ಹಿನ್ನೀರಿನ ಮೇಲೂ ತೆಪ್ಪದಂತೆ ಅದನ್ನು ತೇಲಬಿಟ್ಟು ಅಳೆದರು. ಆ ಗುರುತು ಸಿಕ್ಕಲಿಲ್ಲ. ೨೦೨೨ರ ಫೆಬ್ರವರಿಯಲ್ಲಿ, ಹಿಂದಿನ ಸುದ್ದಿಯು ವಿಶ್ವದ ಆದಿಯಿಂದ ಬಂದುದಲ್ಲವೆಂದು ನೂರಕ್ಕೆ ೯೫ರಷ್ಟು ಭರವಸೆಯಿಂದ ಪ್ರಕಟಿಸಿದರು. “ಇಲ್ಲ” ಎಂದು ಹೇಳಿದವರಿಗೆ ಜಾತ್ರೆಯ ಮೆರವಣಿಗೆಯಿಲ್ಲ. ಆದರೂ ಪರೀಕ್ಷಿಸಿ “ಇಲ್ಲ” ಎನ್ನುವುದು, ಕಂಡು “ಉಂಟು” ಎನ್ನುವಷ್ಟೇ ದೊಡ್ಡ ವಿದ್ಯೆಯೆಂದು ನಾವು ತಿಳಿಯುತ್ತೇವೆ.

ಈಗ ಎರಡು ಆಕ್ಷೇಪಗಳನ್ನು ವಿಚಾರಿಸಬೇಕಾಗಿದೆ. “ಇದೆಲ್ಲವೂ ನಮ್ಮ ಪೂರ್ವಿಕರಿಗೆ ಗೊತ್ತಿತ್ತು, ಬ್ರಹ್ಮನ ಒಂದು ಹಗಲಾದ ಕಲ್ಪವು ೪೩೨ ಕೋಟಿ ವರ್ಷ, ಭೂಮಿಯ ವಯಸ್ಸೂ ಸುಮಾರು ಅಷ್ಟೇ” ಎಂದು ಹೆಮ್ಮೆಪಡುವವರುಂಟು. ಪೂರ್ವಿಕರು ಅಷ್ಟು ದೀರ್ಘವಾದ ಕಾಲವನ್ನು ಕಲ್ಪಿಸಿಕೊಂಡದ್ದು ಮೆಚ್ಚತಕ್ಕ ಮಾತು. ಆದರೆ ಎರಡು ಸಂಖ್ಯೆಗಳು ಹತ್ತಿರವಾದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಪ್ರಮಾಣವಾಗಲಾರದು. ಉಲ್ಕಾಶಿಲೆಗಳಲ್ಲಿರುವ ಸೀಸದ ಬೇರೆಬೇರೆ ಬಗೆಯ ಪರಮಾಣುಗಳ ಪ್ರಮಾಣವನ್ನು ಅಳೆದು, ಯುರೇನಿಯಮ್ಮು ಸೀಸವಾಗುವ ವೇಗದಿಂದ ಲೆಕ್ಕಹಾಕಿ, ಭೂಮಿಯ ವಯಸ್ಸು ೪೫೫ ಕೋಟಿ ವರ್ಷವೆಂದು ೧೯೫೬ರಲ್ಲಿ ಪ್ಯಾಟರ್ಸನ್ ತೋರಿಸಿದನು. ಸಂದೇಹವಿದ್ದವನು ಮತ್ತೊಂದು ಕಲ್ಲನ್ನು ತೆಗೆದುಕೊಂಡು ಮತ್ತೊಮ್ಮೆ ಅಳೆಯಬಹುದು. ಕಲ್ಪದ ಸಂಖ್ಯೆಯನ್ನು ಹಾಗೆ ಅಳೆದು ನೋಡುವ ಬಗೆಯಿಲ್ಲ. ಪೂರ್ವಿಕರಿಂದ ಕಲಿಯತಕ್ಕುದು ಬೇಕಾದರೆ ಋಗ್ವೇದದ ನಾಸದೀಯ ಸೂಕ್ತವಿದೆ. ಸೃಷ್ಟಿಯ ಮಾತನ್ನಾಡಿ ಕೊನೆಗೆ ಅದು ನಿಲ್ಲುವುದು ಉತ್ತರದಲ್ಲಿ ಅಲ್ಲ, ಸಂಶಯದಲ್ಲಿ. ಆ ಸಂಶಯದ ಧೈರ್ಯವೇ ನಮ್ಮ ಪಿತ್ರಾರ್ಜಿತ.

“ವಿಜ್ಞಾನಿಗಳು ಇಂದೊಂದು ಹೇಳುತ್ತಾರೆ, ನಾಳೆಯೊಂದು ಹೇಳುತ್ತಾರೆ, ಎಲ್ಲವೂ ಊಹೆ” ಎಂಬುದು ಎರಡನೆಯ ಆಕ್ಷೇಪ. ತಿಳಿಯದುದು ಬಹಳವಿದೆಯೆಂಬುದು ನಿಜ. ವಿಶ್ವದಲ್ಲಿ ನಮಗೆ ಪರಿಚಯವಿರುವ ದ್ರವ್ಯವು ನೂರಕ್ಕೆ ೫ರಷ್ಟು ಮಾತ್ರ. ಸುಮಾರು ೨೭ರಷ್ಟು ಕಾಣದ ಕಪ್ಪುದ್ರವ್ಯ, ಸುಮಾರು ೬೮ರಷ್ಟು ವಿಶ್ವದ ಹಿಗ್ಗುವಿಕೆಯನ್ನು ವೇಗಗೊಳಿಸುವ ಕಪ್ಪುಶಕ್ತಿ. ಇವು ಏನೆಂಬುದು ಯಾರಿಗೂ ತಿಳಿಯದು. ಎಲ್ಲಕ್ಕೂ ಮೊದಲಿನ ಕ್ಷಣದಲ್ಲಿ ಏನಿತ್ತು, ಏಕಿತ್ತು ಎಂಬುದಕ್ಕೂ ಉತ್ತರವಿಲ್ಲ. ಆದರೆ ಬಾಗಿಲ ಹಿಂದೇನಿದೆ ಎಂದು ತಿಳಿಯದಿದ್ದ ಮಾತ್ರಕ್ಕೆ, ಬಾಗಿಲಿನ ಈಚೆಗೆ ಕಂಡದ್ದು ಸುಳ್ಳಾಗುವುದಿಲ್ಲ. ಗೆಲಾಕ್ಸಿಗಳ ಓಟ, ಹೀಲಿಯಮ್ಮಿನ ಕಾಲುಪಾಲು, ಎಲ್ಲೆಡೆ ಹಬ್ಬಿದ ಶೇಷದ ಬೆಳಕು ಎಂಬ ಮೂರು ಸಾಕ್ಷಿಗಳು ಬೇರೆಬೇರೆ ದಾರಿಗಳಿಂದ ಬಂದು ಒಂದೇ ಮಾತನ್ನು ನುಡಿಯುತ್ತಿವೆ. ವಿಶ್ವವು ಒಮ್ಮೆ ಬಿಸಿಯಾಗಿಯೂ ಒತ್ತಾಗಿಯೂ ಇತ್ತು. ಹಿಗ್ಗಿ ತಣಿದು ಇಂದಿನಂತಾಯಿತು. ಇಷ್ಟನ್ನು ಊಹೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇಷ್ಟು ಹೊತ್ತು ನಾವು ಆಡಿದ್ದೆಲ್ಲ ಕನ್ನಡದಲ್ಲಿಯೇ ಎಂಬುದನ್ನು ಗಮನಿಸಿರಿ. ಇದು ಹೊಸ ಸಾಹಸವೂ ಅಲ್ಲ. ೧೯೧೮ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು “ವಿಜ್ಞಾನ” ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರು “ವಿಜ್ಞಾನ ಪ್ರಪಂಚ”ವೆಂಬ ಸಂಪುಟಗಳನ್ನು ಬರೆದರು. ಜಿ. ಟಿ. ನಾರಾಯಣ ರಾವ್ ಅವರು ನಕ್ಷತ್ರಗಳನ್ನು ಕನ್ನಡದ ಹುಡುಗರಿಗೆ ಪರಿಚಯ ಮಾಡಿಸಿದರು. ನೆರೆಯ ತೆಲುಗರಲ್ಲಿಯೂ ಈ ಪರಂಪರೆ ಕಡಮೆಯಲ್ಲ. ವಿಶಾಖಪಟ್ಟಣದಲ್ಲಿ ಗೋಡೇ ವೆಂಕಟ ಜಗ್ಗಾರಾವು ಅವರು ೧೮೪೦ರ ಸುಮಾರಿಗೆ ಸ್ವಂತ ವೆಚ್ಚದಿಂದ ವೀಕ್ಷಣಾಲಯವನ್ನು ಕಟ್ಟಿಸಿದರು. ಅವರ ಅಳಿಯ ಅಂಕಿತಂ ವೆಂಕಟ ನರಸಿಂಗರಾವು ಅವ�ರು ಅಲ್ಲಿಂದ ೧೮೭೪ರ ಶುಕ್ರಸಂಕ್ರಮಣವನ್ನು ವೀಕ್ಷಿಸಿದರು. ವಿಶ್ವ, ನಕ್ಷತ್ರ, ಗ್ರಹಣ ಎಂಬ ಮಾತುಗಳು ಎರಡು ನುಡಿಗಳಿಗೂ ಸಮಾನ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮುಂದೆ ಕಾಲೇಜಿನಲ್ಲಿ ಇಂಗ್ಲಿಷ್ ಎಂದು ಮೂರು ನುಡಿಗಳ ನಡುವೆ ಬೆಳೆಯುವ ನಿಮಗೆ ಇದು ಹೊರೆಯೆಂದು ಯಾರಾದರೂ ಮರುಗಿದರೆ, ಅವರ ಮಾತನ್ನು ನಂಬಬೇಡಿರಿ. ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ, ಆದರೆ “ಇದು ತಿಳಿದದ್ದು ಹೇಗೆ?” ಎಂಬ ಪ್ರಶ್ನೆಯು ತಾಯ್ನುಡಿಯಲ್ಲಿಯೇ ಮೊದಲು ಹುಟ್ಟಲಿ. ತಾಯ್ನುಡಿಯಲ್ಲಿ ಪ್ರಶ್ನಿಸದವನು ಪರನುಡಿಯಲ್ಲಿ ಪ್ರಶ್ನಿಸುವುದು ವಿರಳ.

ಕೊನೆಯದಾಗಿ ಒಂದು ಕರ್ತವ್ಯದ ಮಾತು. ಚರಿತ್ರೆಯನ್ನು ಓದಬೇಕಾದರೆ ಅದರ ಪುಟಗಳು ಉಳಿಯಬೇಕು. ಭೀಮುನಿಪಟ್ಟಣದ ಕೆಂಪು ದಿಬ್ಬಗಳನ್ನು ಭಾರತದ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ರಾಷ್ಟ್ರದ ಭೂಪರಂಪರೆಯ ತಾಣಗಳಲ್ಲಿ ಒಂದೆಂದು ಗುರುತಿಸಿದೆ. ಆದರೂ ಸುತ್ತಣ ಊರು ಬೆಳೆದಂತೆಲ್ಲ ದಿಬ್ಬಗಳ ಮೇಲೆ ಜನರ ಕಣ್ಣು ಬೀಳುತ್ತಲೇ ಇದೆ. ಸಾವಿರಾರು ವರ್ಷಗಳಲ್ಲಿ ಗಾಳಿಯೂ ಮಳೆಯೂ ಬರೆದ ಪುಟವನ್ನು ಯಂತ್ರವು ಒಂದು ಮಧ್ಯಾಹ್ನದಲ್ಲಿ ಅಳಿಸಿಬಿಡಬಲ್ಲದು. ಮತ್ತೆ ಬರೆಯಲು ಯಾವ ಯಂತ್ರಕ್ಕೂ ಬಾರದು. ನಗರದ ದೀಪಗಳ ಹೊಗರಿನಲ್ಲಿ ಆಕಾಶಗಂಗೆಯೂ ಮರೆಯಾಗುತ್ತಿದೆ. ಆದುದರಿಂದ ವಿಹಾರಕ್ಕೆ ಹೋದಾಗ ದಿಬ್ಬಗಳನ್ನು ಅಗೆಯದೆ, ಕಸವನ್ನು ಚೆಲ್ಲದೆ, ನೋಡಿ ಬನ್ನಿರಿ. ಬೇಡದ ದೀಪಗಳನ್ನು ಆರಿಸಿ, ಅಮಾವಾಸ್ಯೆಯ ರಾತ್ರಿ ಕಡಲದಂಡೆಯಲ್ಲಿ ಹಿರಿಯರೊಡನೆ ನಕ್ಷತ್ರಗಳನ್ನು ನೋಡಿರಿ. ಹಳೆಯ ಸಿ.ಡಿ. ತಟ್ಟೆಯೊಂದನ್ನು ದೀಪದ ಬೆಳಕಿಗೆ ಹಿಡಿದು ಬಣ್ಣಗಳು ಬಿಡಿಬಿಡಿಯಾಗುವುದನ್ನು ಪರೀಕ್ಷಿಸಿರಿ. ಸೂರ್ಯನ ಕಡೆಗೆ ಮಾತ್ರ ಎಂದಿಗೂ ಬರಿಗಣ್ಣನ್ನು ತಿರುಗಿಸಬೇಡಿರಿ. ಕಂಡದ್ದನ್ನು ಕಂಡ ಹಾಗೆ, ತಿಳಿಯದುದನ್ನು ತಿಳಿಯದೆಂದೇ ಕನ್ನಡದಲ್ಲಿ ಬರೆದಿಡಿರಿ. ಮುಂದಿನ ವರ್ಷದ ಈ ಸಂಚಿಕೆಯಲ್ಲಿ ಉತ್ತರಗಳಿಗಿಂತ ನಿಮ್ಮ ಪ್ರಶ್ನೆಗಳೇ ಹೆಚ್ಚಾಗಿ ಅಚ್ಚಾಗಲಿ ಎಂದು ಹಾರೈಸುತ್ತೇವೆ.